ಕೂರುವ ಹೊತ್ತು

ಸಂಜೆ ನಾಲ್ಕಾಗುತ್ತಲೇ ಮುಜ್ನಾಳ ಕಾಲು ಅವಳ ಬೂಟಿನ ಮಾತು ಕೇಳುತ್ತಿರಲಿಲ್ಲ. ಬೆಳಿಗ್ಗೆ ಮೂವತ್ತೆಂಟರ ಅಳತೆ, ಸಂಜೆಗೆ ನಲವತ್ತೊಂದು. ಬೂಟಿನ ಎರಡೂ ಪಕ್ಕವನ್ನು ಅವಳು ಅಂಗಡಿಯ ಕತ್ತರಿಯಿಂದಲೇ ಸೀಳಿ, ಸೀಳು ಕಾಣದ ಹಾಗೆ ಕಪ್ಪು ಟೇಪು ಸುತ್ತಿದ್ದಳು. ಬೆರಳುಗಳು ಒಂದರ ಮೇಲೊಂದು ಹತ್ತಿ, ಬಸ್ಸಿನಲ್ಲಿ ಸೀಟು ಸಿಗದವರಂತೆ ನೂಕಾಡುತ್ತಿದ್ದವು.

ಸೌದಿಯ ಬುರೈದಾ ಊರಿನ ಮಾಲ್ ಒಂದರಲ್ಲಿ, ಹೆಂಗಸರು ಮೈತುಂಬ ಹೊದೆಯುವ ಅಬಾಯ ಮಾರುವ ಅಂಗಡಿ. ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಹತ್ತರವರೆಗೆ ಕೆಲಸ. ಹತ್ತು ಗಂಟೆಯೂ ನಿಂತೇ ಇರಬೇಕು. ಗಾಜಿನ ಹಿಂದೆ ಐದು ಬೊಂಬೆಗಳೂ ನಿಂತಿದ್ದವು. ಅವಕ್ಕಾದರೂ ಬೆನ್ನಿಗೊಂದು ಕಬ್ಬಿಣದ ಸರಳು ಆಸರೆಗಿತ್ತು.

ಅಂಗಡಿಯ ಯಜಮಾನ ಅಬೂ ರಾಕಾನ್. ಹೊಟ್ಟೆ ದೊಡ್ಡದು, ಕೈಯಲ್ಲಿ ಎರಡು ಫೋನು. ಅವನದೊಂದು ಸಿದ್ಧಾಂತವಿತ್ತು.

"ಮಾರೋಳು ಕೂತ್ಕೊಂಡ್ರೆ ಬಟ್ಟೆಗೂ ನಿದ್ದೆ ಬರುತ್ತೆ ಕಣಮ್ಮಾ. ನಿದ್ದೆ ಬಂದಿರೋ ಬಟ್ಟೇನ ಯಾರು ತಗೋತಾರೆ?"

ಏಳು ವರ್ಷ ಮುಜ್ನಾ ಇದನ್ನು ಹೇಗೋ ತಡೆದುಕೊಂಡಿದ್ದಳು. ಕಾರಣ ಮಸೀದಿಯ ಬಾಂಗ್. ಹಿಂದೆಲ್ಲ ಬಾಂಗ್ ಕೂಗಿದರೆ ಊರಿಗೆ ಊರೇ ಬಾಗಿಲು ಹಾಕಬೇಕಿತ್ತು. ಅವಳ ಪಾಳಿಯಲ್ಲಿ ನಾಲ್ಕು ಹೊತ್ತಿನ ನಮಾಜು ಬೀಳುತ್ತಿತ್ತು. ನಾಲ್ಕು ಸಲವೂ ಷಟರ್ ಕೆಳಗೆ ಬಂದು ಅರ್ಧ ಗಂಟೆ ಮೇಲೇಳುತ್ತಿರಲಿಲ್ಲ. ನಮಾಜಿಗೆ ಐದು ನಿಮಿಷ ಸಾಕು. ಉಳಿದ ಇಪ್ಪತ್ತೈದು ನಿಮಿಷ ಮುಜ್ನಾ ರಟ್ಟಿನ ಡಬ್ಬದ ಮೇಲೆ ಕೂತು, ಕಾಲನ್ನು ಇನ್ನೊಂದು ಡಬ್ಬದ ಮೇಲಿಟ್ಟು, ಖರ್ಜೂರ ತುಂಬಿದ ಕ್ಲೇಜಾ ಬಿಸ್ಕತ್ತು ತಿಂದು, ಕಾಫಿ ಕುಡಿಯುತ್ತಿದ್ದಳು. ಬಾಂಗ್ ಕೂಗುವವನು ತನ್ನ ಕಾಲಿಗೇ ಹೆಸರು ಹಿಡಿದು ಕರೆಯುತ್ತಾನೆ ಅಂತ ಅವಳಿಗೆ ಅನ್ನಿಸುತ್ತಿತ್ತು.

ಆಗ ಅಬೂ ರಾಕಾನನಷ್ಟು ದೈವಭಕ್ತ ಆ ಮಾಲಿನಲ್ಲೇ ಇರಲಿಲ್ಲ. ಬಾಂಗಿಗೆ ಐದು ನಿಮಿಷ ಮೊದಲೇ ಷಟರ್ ಎಳೆಯುತ್ತಿದ್ದ. ಯಾಕೆಂದರೆ ಧರ್ಮ ಕಾಯುವ ಪಡೆಯವರು ಕೋಲು ಹಿಡಿದು ಬರುತ್ತಿದ್ದರು. ಅವರಲ್ಲಿ ದಖೀಲ್ ಅನ್ನುವವನ ಕೋಲಿನ ಸದ್ದಂತೂ ಮೂರನೇ ಮಹಡಿಗೂ ಕೇಳುತ್ತಿತ್ತು. ಷಟರಿಗೆ ಬಡಿದು "ನಮಾಜು! ನಮಾಜು!" ಅಂತ ಅವನು ಕೂಗಿದರೆ ಒಳಗಿದ್ದ ಗಿರಾಕಿಗಳು ಅಳತೆ ಕೋಣೆಯಲ್ಲೇ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. ಸಿನಿಮಾ ಮಂದಿರ ಬಂತು, ಹೆಂಗಸರು ಕಾರು ಓಡಿಸಿದರು. ನಮಾಜಿನ ಹೊತ್ತಿನಲ್ಲೂ ಅಂಗಡಿ ತೆರೆದಿರಬಹುದು ಅಂತ ಸುದ್ದಿ ಬಂದ ದಿನ ಅಬೂ ರಾಕಾನ್ ಇಡೀ ಅಂಗಡಿಗೆ ಮಿಠಾಯಿ ಹಂಚಿದ. 'ಲಜ್ಜೆಯ ಮುತ್ತು' ಅಂತಿದ್ದ ಬೋರ್ಡು ಇಳಿಸಿ 'ಪ್ಯಾರಿಸ್ ಮುತ್ತು' ಅಂತ ಹಾಕಿಸಿದ. ಗಡ್ಡವನ್ನೂ ಬೋರ್ಡಿನಷ್ಟೇ ಚಿಕ್ಕದು ಮಾಡಿಸಿದ.

"ಇನ್ಮೇಲೆ ಷಟರ್ ಇಳಿಯೋದು ರಾತ್ರಿ ಹತ್ತಕ್ಕೇ. ಒಬ್ಬೊಬ್ರಾಗಿ ಹೋಗಿ ನಮಾಜು ಮಾಡ್ಕೊಂಡು ಬನ್ನಿ. ಐದು ನಿಮಿಷ."

"ಮತ್ತೆ ಕೂರೋದು ಯಾವಾಗ?" ಮುಜ್ನಾ ಕೇಳಿದಳು.

"ಕೂರೋದಾ?" ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಉಮ್ಮು ಮಿಶಾಲ್, ದೇಶ ಓಡ್ತಾ ಇದೆ. ನೀವು ಕೂರ್ತೀನಿ ಅಂತೀರಲ್ಲ!"

ಮಿಶಾಲ್ ಅವಳ ಮಗ. ಮಗನ ಹೆಸರು ಹಿಡಿದು ಮಿಶಾಲನ ತಾಯಿ ಅಂತ ಕರೆಯುವುದು ಮರ್ಯಾದೆ. ಅಬೂ ರಾಕಾನ್ ಮರ್ಯಾದೆಯಲ್ಲಿ ಮಾತ್ರ ಯಾವತ್ತೂ ಕಡಿಮೆ ಮಾಡಿದವನಲ್ಲ.

ಹೆಣ್ಣಾಳುಗಳಿಗೆ ಕುರ್ಚಿ ಕೊಡಬೇಕು ಅಂತ ಕಾನೂನೇ ಇತ್ತು. ಅಬೂ ರಾಕಾನ್ ಕಾನೂನು ಮೀರಿರಲಿಲ್ಲ. ಕುರ್ಚಿ ತಂದಿದ್ದ. ಅದು ಹಿಂದಿನ ಗೋದಾಮಿನಲ್ಲಿ, ಪ್ಲಾಸ್ಟಿಕ್ ಕೂಡ ಬಿಚ್ಚದೆ, ಬೀಗದೊಳಗಿತ್ತು. ವರ್ಷಕ್ಕೊಮ್ಮೆ ತನಿಖೆಯವನು ಬಂದಾಗ ಹೊರಗೆ ಬರುತ್ತಿತ್ತು. ಆ ವರ್ಷವೂ ಬಂತು. ತನಿಖೆಯವನು ಅದರ ಮೇಲೆ ಕೂತು ಕಾಫಿ ಕುಡಿದು, ಮೂರು ಕ್ಲೇಜಾ ತಿಂದು, ಕಾಗದ ತೆಗೆದ.

"ಕುರ್ಚಿ ಇದೆಯಾ?"

"ನೀವು ಕೂತಿರೋದೇ ಅದು," ಅಂದ ಅಬೂ ರಾಕಾನ್.

"ಮೆತ್ತಗಿದೆ," ಅಂತ ಅವನು ಗುರುತು ಹಾಕಿದ.

ಮುಜ್ನಾ ಒಂದು ಹೆಜ್ಜೆ ಮುಂದೆ ಬಂದಳು. "ಸಾಹೇಬ್ರೇ, ಇವತ್ತಿನವರೆಗೆ ನಮ್ಮಲ್ಲಿ ಯಾರೂ ಅದರ ಮೇಲೆ ಕೂತಿಲ್ಲ."

"ಅದಕ್ಕೇ ನೋಡಿ, ಎಷ್ಟು ಹೊಸದಾಗಿದೆ!" ಅಂದ ತನಿಖೆಯವನು. ಸಂತೋಷವಾಗಿ ಎದ್ದು ಹೋದ. ಅವನ ಹಿಂದೆಯೇ ಕುರ್ಚಿಯೂ ಗೋದಾಮಿಗೆ ಹೋಯಿತು.

ಆ ವಾರವೇ ಮುಜ್ನಾ ಆಸ್ಪತ್ರೆಗೆ ಹೋದಳು. ಕಾಲಿನ ರಕ್ತನಾಳ ಉಬ್ಬಿದೆ ಅಂದರು ಡಾಕ್ಟರು. ಗಂಟೆಗೊಮ್ಮೆ ಕೂರಬೇಕು, ನಮಾಜನ್ನೂ ಕುರ್ಚಿಯ ಮೇಲೆ ಕೂತೇ ಮಾಡಬೇಕು ಅಂತ ಚೀಟಿ ಬರೆದುಕೊಟ್ಟರು. ಅಬೂ ರಾಕಾನ್ ಚೀಟಿಯನ್ನು ದೀಪಕ್ಕೆ ಹಿಡಿದು ಓದಿದ.

"ನಮಾಜು ಕೂತು ಮಾಡಿ ಅಂತ ಬರೆದಿದಾರೆ. ಮಾಡಿ, ನಂದೇನೂ ಅಡ್ಡಿಯಿಲ್ಲ. ವ್ಯಾಪಾರ ಕೂತು ಮಾಡಿ ಅಂತ ಎಲ್ಲಿದೆ?"

"ಗಂಟೆಗೊಮ್ಮೆ ಕೂರಬೇಕು ಅಂತ ಮೇಲೇ ಇದೆಯಲ್ಲ."

"ಅದು ಮನೇಲಿ."

ಅಂಗಡಿಯ ಇನ್ನೊಬ್ಬ ಕೆಲಸದವಳು ವಿಜ್ದಾನ್. ಇಪ್ಪತ್ತೆರಡರ ಹುಡುಗಿ, ಮುಖದ ಪರದೆ ತೆಗೆದು ಎರಡು ವರ್ಷವಾಗಿತ್ತು, ಬಾಯಿಗಂತೂ ಹುಟ್ಟಿದಾಗಿನಿಂದ ಪರದೆಯಿರಲಿಲ್ಲ. ಮುಜ್ನಾಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುತ್ತಿದ್ದಳು. ಅವಳು ಚೀಟಿ ನೋಡಿ ನಕ್ಕಳು.

"ಅಲ್ಲ ಖಾಲಾ, ದೇವರ ಮುಂದೆ ಕೂರಬಹುದು, ಈ ಗಡಿಗೆ ಹೊಟ್ಟೆ ಮುಂದೆ ಕೂರಬಾರದು. ಹಂಗಂದ್ರೆ ದೇವರ ಮುಂದೇನೇ ಜಾಸ್ತಿ ಹೊತ್ತು ಇದ್ಬಿಡಿ."

ಹುಡುಗಿ ತಮಾಷೆಗೆ ಅಂದಿದ್ದಳು. ಮುಜ್ನಾಳ ಕಾಲು ಅದನ್ನು ತಮಾಷೆ ಅಂತ ತಿಳಿಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮುಜ್ನಾ ಹೆಂಗಸರ ನಮಾಜು ಕೋಣೆಗೆ ಹೋದಳು. ಮೂಲೆಯಲ್ಲಿ ಕಾಲಿಲ್ಲದವರಿಗೆ, ಮುದುಕಿಯರಿಗೆ ಅಂತ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಮೂರು ಕುರ್ಚಿಗಳಿದ್ದವು. ಅವಳು ಒಂದರ ಮೇಲೆ ಕೂತು ನಮಾಜು ಮಾಡಿದಳು. ಕಡ್ಡಾಯದ್ದು ಮುಗಿಸಿ ಐಚ್ಛಿಕ ಮಾಡಿದಳು. ಐಚ್ಛಿಕದ ಮೇಲೆ ಇನ್ನೊಂದು ಐಚ್ಛಿಕ. ಆಮೇಲೆ ಜಪಮಣಿ ಹಿಡಿದಳು. ತಾಯಿಗೆ, ತಂದೆಗೆ, ಅಜ್ಜಿಗೆ, ಚಿಕ್ಕಂದಿನಲ್ಲಿ ಸತ್ತ ಆಡಿಗೂ ಪ್ರಾರ್ಥಿಸಿದಳು. ವಾರ ಕಳೆಯುವಷ್ಟರಲ್ಲಿ ಅಬೂ ರಾಕಾನ್ ಫೋನಿನಲ್ಲಿ ಗಡಿಯಾರ ಹಿಡಿದು ನಿಂತಿದ್ದ.

"ಉಮ್ಮು ಮಿಶಾಲ್, ಹೋದ ವಾರ ಮಧ್ಯಾಹ್ನದ ನಮಾಜು ಐದು ನಿಮಿಷ ಇತ್ತು. ಇವತ್ತು ಇಪ್ಪತ್ತೇಳು."

"ಹೋದ ವಾರ ಪಾಪ ಕಡಿಮೆ ಇತ್ತು."

"ಒಂದು ವಾರದಲ್ಲಿ ಅಂಥಾದ್ದೇನು ಪಾಪ ಮಾಡಿದ್ರಿ?"

"ನಿಮ್ಮ ಬಗ್ಗೆ ಮನಸ್ಸಲ್ಲಿ ಏನೇನೋ ಅಂದ್ಕೊಂಡೆ. ಅದೆಲ್ಲ ಪಾಪವೇ ಅಲ್ವಾ?"

ನಮಾಜು ಬೇಡ ಅನ್ನುವಷ್ಟು ಹೊಸ ಕಾಲದವನಾಗಿರಲಿಲ್ಲ ಅಬೂ ರಾಕಾನ್. ಫೋನನ್ನು ಜೇಬಿಗೆ ಹಾಕಿಕೊಂಡ.

ವಿಜ್ದಾನಳಿಗೂ ಭಕ್ತಿ ಬಂತು. ಅವಳ ಕಾಲು ಗಟ್ಟಿಯಿತ್ತು, ನಮಾಜು ನಿಂತೇ ಮಾಡಬೇಕಿತ್ತು. ಆದರೆ ಜಪಮಣಿ ಎಣಿಸುವುದು ಕೂತು ತಾನೇ? ಅವಳು ಸಾವಿರದವರೆಗೆ ಎಣಿಸಿದಳು. ಅತ್ತರಿನ ಅಂಗಡಿಯವಳು ಬಂದಳು. ಮಕ್ಕಳ ಬಟ್ಟೆಯವಳು, ಗಡಿಯಾರದವಳು, ಕಣ್ಣಿಗೆ ಕಾಡಿಗೆ ಮಾರುವ ಅಕ್ಕತಂಗಿಯರು ಬಂದರು. ಸಾಲು ಸಾಲು ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು, ತುಟಿ ಅಲ್ಲಾಡಿಸುತ್ತಿದ್ದರು. ಧರ್ಮ ಕಾಯುವ ಪಡೆ ಇಪ್ಪತ್ತು ವರ್ಷ ಕೋಲು ಬಡಿದರೂ ಆ ಮಾಲಿನಲ್ಲಿ ಇಷ್ಟು ಭಕ್ತಿ ಹುಟ್ಟಿರಲಿಲ್ಲ.

ಯಜಮಾನರಿಗೆ ಒಳಗೆ ಕಾಲಿಡುವ ಹಾಗಿರಲಿಲ್ಲ, ಅದು ಹೆಂಗಸರ ಕೋಣೆ. ಅಬೂ ರಾಕಾನ್ ಬಾಗಿಲಾಚೆ ನಿಂತು ಕೆಮ್ಮುತ್ತಿದ್ದ. ಒಮ್ಮೆ ಕೆಮ್ಮಿದರೆ ಗಿರಾಕಿ ಬಂದಿದ್ದಾರೆ ಅಂತ. ಎರಡು ಸಲ ಕೆಮ್ಮಿದರೆ ತುಂಬಾ ಬಂದಿದ್ದಾರೆ ಅಂತ. ಒಳಗಿನಿಂದ ವಿಜ್ದಾನ್ ಕೂಗುತ್ತಿದ್ದಳು:

"ಅಬೂ ರಾಕಾನ್, ನಿಮ್ಮ ಕೆಮ್ಮು ವಾಸಿಯಾಗ್ಲಿ ಅಂತ ಇನ್ನೂ ನೂರು ಮಣಿ ಎಣಿಸ್ತಾ ಇದೀನಿ!"

ಕೊನೆಗೆ ಅವನಿಗೆ ಒಂಟೆಯ ನೆನಪಾಯಿತು.

ಮಾಲಿನ ಬಾಗಿಲಲ್ಲಿ ಮಕ್ಕಳ ಜೊತೆ ಕುಣಿಯಲು ಒಂದು ಒಂಟೆ ವೇಷವಿತ್ತು. ಬೂದುಬಣ್ಣದ ದಪ್ಪ ಬಟ್ಟೆ, ಡುಬ್ಬ, ಬಾಲ, ಸದಾ ನಗುವ ದೊಡ್ಡ ತಲೆ. ಅದರೊಳಗಿದ್ದವನು ದಖೀಲ್. ಧರ್ಮ ಕಾಯುವ ಪಡೆಯಲ್ಲಿ ಅವನದು ತಾತ್ಕಾಲಿಕ ನೌಕರಿ. ಕಾಲ ಬದಲಾದಾಗ ದೊಡ್ಡವರು ಬೇರೆ ಕುರ್ಚಿಗಳಿಗೆ ಹೋದರು, ದಖೀಲ್ ಬೀದಿಗೆ ಬಂದ. ಮನೆಯಲ್ಲಿ ಆರು ಮಕ್ಕಳು. ಹೊಟ್ಟೆ ಹೊರೆಯಲು ಒಂಟೆಯಾದ. ಹಿಂದೆ ಇವನೇ ಅಂಗಡಿ ಬೊಂಬೆಗಳಿಗೆ ತಲೆ ಇರಕೂಡದು ಅಂತ ಗರಗಸದಿಂದ ಕೊಯ್ಯಿಸಿದವನು. ಈಗ ದಿನಕ್ಕೆ ಎಂಟು ಗಂಟೆ ಬೊಂಬೆಯ ತಲೆ ಹೊತ್ತು ಕುಣಿಯುತ್ತಿದ್ದ. ಅವನಿಗೂ ಕೂರುವ ಹಾಗಿರಲಿಲ್ಲ. ಹಾಗೆ ನೋಡಿದರೆ ಬಾಲವೇ ಬಿಡುತ್ತಿರಲಿಲ್ಲ. ನಮಾಜಿನ ಹೊತ್ತಿಗೆ ಮಾತ್ರ ವೇಷ ಕಳಚಿ, ಕೈಕಾಲು ತೊಳೆದು, ಗಂಡಸರ ಕೋಣೆಯಲ್ಲಿ ಮುಂದೆ ನಿಂತು ನಮಾಜು ಮಾಡಿಸುತ್ತಿದ್ದ. ಕುರಾನು ಪೂರ್ತಿ ಬಾಯಿಗೆ ಬರುತ್ತಿದ್ದವನು ಆ ಮಾಲಿನಲ್ಲಿ ಅವನೊಬ್ಬನೇ. ಅದಕ್ಕೇ ಎಲ್ಲರೂ ಅವನನ್ನು ಷೇಕ್, ಅಂದರೆ ಗುರು, ಅನ್ನುತ್ತಿದ್ದರು.

"ಷೇಕರೇ," ಅಬೂ ರಾಕಾನ್ ಒಂಟೆಯ ಕಿವಿಯಲ್ಲಿ ಅಂದ, "ಈ ಹೆಂಗಸರಿಗೆ ಸ್ವಲ್ಪ ಬುದ್ಧಿ ಹೇಳಿ. ನಮಾಜು ಚಿಕ್ಕದಾಗಿ ಮಾಡಿದ್ರೂ ಸಲ್ಲುತ್ತೆ ಅಂತ."

"ಮೂರು ವರ್ಷದ ಹಿಂದೆ ನಮಾಜು ಮಾಡಿ ಅಂತ ನಿಮಗೆ ಬುದ್ಧಿ ಹೇಳ್ತಿದ್ದೆ," ಅಂತ ಒಂಟೆಯೊಳಗಿನಿಂದ ದನಿ ಬಂತು. "ಅದರ ಫಲ ನೋಡಿ, ಹೆಂಗಿದೀನಿ."

ಅಷ್ಟರಲ್ಲಿ ಅಬೂ ರಾಕಾನನ ಮಾವ ಬರುವ ಸುದ್ದಿ ಬಂತು. ಅಂಗಡಿಯ ಪರವಾನಗಿ ಮಾವನ ಹೆಸರಲ್ಲಿತ್ತು. ಎಂಬತ್ತು ದಾಟಿದ ಮುದುಕ, ಹಳೆ ಕಾಲದವನು. ನಮಾಜಿಗೆ ಅಂಗಡಿ ಮುಚ್ಚುವುದಿಲ್ಲ ಅಂತ ತಿಳಿದರೆ ಪರವಾನಗಿಯನ್ನೇ ಹರಿದುಹಾಕುವಂಥವನು. ಅಬೂ ರಾಕಾನ್ ಆ ಒಂದು ದಿನಕ್ಕೆ ಬೋರ್ಡಿನ ಮೇಲೆ ಬಟ್ಟೆ ಇಳಿಬಿಟ್ಟ. ಸಂಜೆಯ ಬಾಂಗ್ ಕೇಳಿದ್ದೇ ಷಟರನ್ನು ಢಬಾರನೆ ಎಳೆದು, ಮಾವನ ಕೈ ಹಿಡಿದು ನಮಾಜು ಕೋಣೆಗೆ ನಡೆಸಿದ. ಹಿಂದೆ ಅಂಗಡಿಯವರೆಲ್ಲ. ಮಾವನಿಗೆ ಮೊದಲ ಸಾಲಲ್ಲಿ ಒಂದು ಕುರ್ಚಿ. ಪಕ್ಕದಲ್ಲಿ ಅಬೂ ರಾಕಾನ್, ನಿಂತು.

ದಖೀಲ್ ಒಂಟೆ ವೇಷ ಬಿಚ್ಚಿಟ್ಟು ಬಂದಿದ್ದ. ಅಬೂ ರಾಕಾನನಿಗೆ ಅಲ್ಲಿಗೇ ಸುಮ್ಮನಿರಲು ಆಗಲಿಲ್ಲ. ಮಾವನಿಗೆ ಕೇಳುವ ಹಾಗೆ ದನಿ ಎತ್ತಿದ:

"ಷೇಕರೇ, ಈಗಿನ ಕಾಲದವರ ಹಾಗೆ ಅವಸರ ಬೇಡ. ಹಳೇ ಕಾಲದ ಹಾಗೆ, ನಿಧಾನವಾಗಿ, ಉದ್ದವಾಗಿ ಓದಿ."

"ಉದ್ದವಾಗಿಯಾ?" ದಖೀಲ್ ತಿರುಗಿ ನೋಡಿದ.

"ನಮಗೇನು ಅವಸರ?" ಅಂದ ಅಬೂ ರಾಕಾನ್.

ದಖೀಲ್ ಕುರಾನಿನ ಅತಿ ಉದ್ದದ ಅಧ್ಯಾಯ ಶುರುಮಾಡಿದ.

ಗಂಡಸರ ಕೋಣೆಗೂ ಹೆಂಗಸರ ಕೋಣೆಗೂ ನಡುವೆ ಒಂದು ತೆರೆ ಮಾತ್ರ, ಅದರ ಹಿಂದೆ ಹೆಂಗಸರ ಸಾಲು. ಮುಜ್ನಾ ಕುರ್ಚಿಯ ಮೇಲೆ. ಧ್ವನಿಪೆಟ್ಟಿಗೆಯಲ್ಲಿ ದಖೀಲನ ದನಿ ತಣ್ಣನೆ ಹರಿದು ಬರುತ್ತಿತ್ತು. ಹಿಂದೆ ಷಟರಿಗೆ ಬಡಿದು ಅರಚುತ್ತಿದ್ದ ಗಂಟಲು ಇದೇನಾ ಅಂತ ಅವಳಿಗೆ ಆಶ್ಚರ್ಯವಾಯಿತು.

ಹತ್ತು ನಿಮಿಷಕ್ಕೆ ಅಬೂ ರಾಕಾನ್ ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸಿದ. ಇಪ್ಪತ್ತು ನಿಮಿಷಕ್ಕೆ ಎಡಗಾಲಿನಿಂದ ಬಲಗಾಲಿಗೆ. ಅರ್ಧ ಗಂಟೆಗೆ ಎರಡು ಕಾಲೂ ಬೇಡ ಅಂದವು. ಅವನಿಗೆ ಮೂರನೆಯದಿರಲಿಲ್ಲ. ಜೇಬಿನಲ್ಲಿ ಎರಡು ಫೋನುಗಳೂ ನಡುಗುತ್ತಿದ್ದವು, ಅವುಗಳ ಜೊತೆ ಅವನ ತೊಡೆಯೂ. ಬಿಟ್ಟು ಹೋಗೋಣವೆಂದರೆ ಪಕ್ಕದಲ್ಲಿ ಮಾವ ಆನಂದದಿಂದ ಕಣ್ಣೀರು ಸುರಿಸುತ್ತಿದ್ದ. ಮುಖ ತೊಯ್ದು, ಗಡ್ಡ ತೊಯ್ದು, ಕುರ್ಚಿಯ ಕೈ ಕೂಡ ತೊಯ್ದಿತ್ತು. ಮೊದಲ ಬಾಗುವಿಕೆಗೆ ಬಂದಾಗ ಅಬೂ ರಾಕಾನನ ಮೊಣಕಾಲು ಎರಡು ಸಲ ಟಕ್ ಅಂದದ್ದು ತೆರೆಯ ಹಿಂದೆಯೂ ಕೇಳಿಸಿತು. ವಿಜ್ದಾನಳ ಕಾಲೂ ನೋಯುತ್ತಿತ್ತು. ಅವಳು ತುಟಿ ಕಚ್ಚಿಕೊಂಡು ನಗು ತಡೆದಳು, ನಮಾಜು ಕೆಡಬಾರದಲ್ಲ.

ಎಲ್ಲ ಮುಗಿಯುವಾಗ ಒಂದು ಗಂಟೆ ಹತ್ತು ನಿಮಿಷವಾಗಿತ್ತು.

"ಇದಪ್ಪಾ ನಮಾಜು!" ಮಾವ ಅಳಿಯನ ಬೆನ್ನು ತಟ್ಟಿದ. "ದಿನಾ ಹಿಂಗೇನಾ?"

ಅಬೂ ರಾಕಾನ್ ಗೋಡೆ ಹಿಡಿದುಕೊಂಡು ಹೂಂ ಅಂದ. ಬೂಟು ಹಾಕಿಕೊಳ್ಳಲು ಹೋದ, ಕಾಲು ಹಿಡಿಸಲಿಲ್ಲ. ಬೂಟನ್ನು ಕೈಯಲ್ಲಿ ಹಿಡಿದು, ಕಾಲುಚೀಲದಲ್ಲೇ ಕಾರಿನವರೆಗೆ ಹೋದ. ಮಾಲಿನ ಹೆಂಗಸರೆಲ್ಲ ಎರಡೂ ಕಡೆ ನಿಂತು ಮರ್ಯಾದೆಯಿಂದ ದಾರಿ ಬಿಟ್ಟರು.

ಮುಜ್ನಾ ದಖೀಲನನ್ನು ಹುಡುಕಿಕೊಂಡು ಹೋದಳು. ಅವನು ಮೆಟ್ಟಿಲ ಕೆಳಗೆ ಮತ್ತೆ ಒಂಟೆಯಾಗುತ್ತಿದ್ದ. ಕುತ್ತಿಗೆಯವರೆಗೆ ಆಗಿದ್ದ, ತಲೆ ಕಂಕುಳಲ್ಲಿತ್ತು.

"ಷೇಕರೇ, ನಿಮಗೆ ಪುಣ್ಯ ಬರ್ಲಿ. ಅವನಿಗೆ ಸರಿಯಾಗಿ ಮಾಡಿದ್ರಿ."

"ಅವನಿಗೋಸ್ಕರ ಓದಲಿಲ್ಲ ತಂಗೀ. ಉದ್ದವಾಗಿ ಓದಿ ಅಂತ ಯಾರಾದ್ರೂ ಕೇಳಿ ಮೂರು ವರ್ಷ ಆಗಿತ್ತು." ಅವನು ಒಂಟೆಯ ತಲೆಯನ್ನು ತಿರುಗಿಸಿ ಧೂಳು ಒರೆಸಿದ. "ನೀವೆಲ್ಲ ಅಲ್ಲಿ ಗಂಟೆಗಟ್ಟಲೆ ಮಣಿ ಎಣಿಸ್ತೀರಂತಲ್ಲ. ನಿಜ ಹೇಳು, ಅದು ಭಕ್ತಿನಾ?"

ಮುಜ್ನಾ ನೆಲ ನೋಡಿದಳು. "ಕಾಲು, ಷೇಕರೇ."

"ಹಂಗಾದ್ರೆ ಕಾಲು ಅಂತ್ಲೇ ಹೇಳಿ ಕೂರ್ಬಾರದಾ? ದೇವರನ್ನ ಯಾಕೆ ನೆವ ಮಾಡ್ತೀರಿ? ನಾವು ಕೋಲು ಹಿಡಿದು ಅವನ ಹೆಸರು ಹೇಳಿದ್ವಿ. ನೀವು ಕಾಲು ಹಿಡಿದು ಹೇಳ್ತಾ ಇದೀರಿ. ಅವನಿಗೂ ಸಾಕಾಗಿರುತ್ತೆ."

"ಹೇಳಿದ್ರೆ ಕೆಲಸದಿಂದ ತೆಗೀತಾನೆ."

"ಒಬ್ಬಳೇ ಹೇಳಿದ್ರೆ ತೆಗೀತಾನೆ," ಅಂದ ದಖೀಲ್. ತಲೆ ಹಾಕಿಕೊಂಡ. ಆಚೆ ಯಾವುದೋ ಮಗು ಒಂಟೆ ಬೇಕು ಅಂತ ರಂಪ ಮಾಡುತ್ತಿತ್ತು.

ಎರಡು ದಿನ ಅಬೂ ರಾಕಾನ್ ಅಂಗಡಿಗೆ ಬರಲಿಲ್ಲ. ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಿದ್ದಾನೆ ಅಂತ ಡ್ರೈವರ್ ಹೇಳಿದ. ವಿಜ್ದಾನಳಿಗೆ ಆಸೆ ಹುಟ್ಟಿತು.

"ಖಾಲಾ, ಈಗ ಗೊತ್ತಾಗಿರುತ್ತೆ ಅಲ್ವಾ? ಕುರ್ಚಿ ಕೊಟ್ರೂ ಕೊಟ್ಟ."

ಮೂರನೆಯ ದಿನ ಕುರ್ಚಿ ಬಂತು. ಇಬ್ಬರು ಹೊತ್ತು ತಂದರು. ಕಪ್ಪು ಚರ್ಮದ್ದು, ತಿರುಗುವಂಥದು, ತಲೆಗೂ ದಿಂಬು, ಕಾಲಿಗೂ ದಿಂಬು, ಗುಂಡಿ ಒತ್ತಿದರೆ ಬೆನ್ನು ತಾನೇ ಉಜ್ಜುತ್ತದೆ. ಅದನ್ನು ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟರು. ಅಬೂ ರಾಕಾನ್ ಬಂದು ಅದರಲ್ಲಿ ಕೂತ. ಗುಂಡಿ ಒತ್ತಿದ. ಅವನ ಕೆನ್ನೆ, ಹೊಟ್ಟೆ, ಮಾತು ಎಲ್ಲ ಒಟ್ಟಿಗೆ ನಡುಗಿದವು.

"ನಿಂ-ನಿಂತ್ಕೊಂಡು ಕೆಲಸ ಮಾಡೋದು ಎ-ಎಷ್ಟು ಕಷ್ಟ ಅಂತ ನ-ನಂಗೀಗ ಗೊತ್ತಾಯ್ತು, ಉಮ್ಮು ಮಿಶಾಲ್. ಡಾಕ್ಟ್ರು ಕೂ-ಕೂರಲೇಬೇಕು ಅಂದ್ರು."

"ಯಾರಿಗೆ?"

"ನಂ-ನಂಗೆ."

ಮುಜ್ನಾ ತಿರುಗಿ ಅಳತೆ ಪಟ್ಟಿ ಎತ್ತಿಕೊಂಡಳು. ಕೊಳ್ಳಲು ಬಂದ ಒಬ್ಬಳಿಗೆ ತೋಳಿನ ಅಳತೆ ತೆಗೆದಳು. ಆಮೇಲೆ ಅತ್ತರಿನ ಅಂಗಡಿಗೆ ಹೋಗಿ ಎರಡು ನಿಮಿಷ ಮಾತಾಡಿದಳು. ವಿಜ್ದಾನ್ ಗಡಿಯಾರದವಳ ಹತ್ತಿರ ಹೋದಳು. ಗಡಿಯಾರದವಳು ಕಾಡಿಗೆಯವರ ಹತ್ತಿರ. ಮಾತು ಮೂರನೇ ಮಹಡಿಗೆ ಏರಿ ಇಳಿದು ಬಂತು.

ಮಧ್ಯಾಹ್ನದ ಬಾಂಗ್ ಕೂಗಿತು. ಮಾಲಿನ ಹೆಂಗಸರು ಒಬ್ಬೊಬ್ಬರಾಗಿ ನಮಾಜಿಗೆ ಹೋಗಿ ಬಂದರು. ಅಬೂ ರಾಕಾನ್ ಅಭ್ಯಾಸಬಲದಿಂದ ಫೋನು ನೋಡಿದ. ಒಬ್ಬೊಬ್ಬರದೂ ಐದೇ ನಿಮಿಷ. ಅವನ ಮುಖ ಅರಳಿತು.

ಕೊನೆಯವಳು ಬಂದದ್ದೇ, ಮುಜ್ನಾ ಅಂಗಡಿಯ ನಟ್ಟನಡುವೆ, ದೀಪದ ಕೆಳಗೆ, ನೆಲದ ಮೇಲೆ ಕೂತಳು. ಬೂಟು ಕಳಚಿ ಪಕ್ಕಕ್ಕಿಟ್ಟಳು. ಊದಿದ ಎರಡು ಕಾಲನ್ನೂ ಬಾಗಿಲ ಕಡೆಗೆ ಚಾಚಿದಳು. ಪಕ್ಕದಲ್ಲಿ ವಿಜ್ದಾನ್ ಕೂತಳು. ಗಾಜಿನಾಚೆ ಅತ್ತರಿನವಳು ತನ್ನ ಬಾಗಿಲಲ್ಲಿ ಕೂತಳು. ಎದುರಿಗೆ ಗಡಿಯಾರದವಳು. ಮೇಲೆ ನೋಡಿದರೆ ಎರಡನೇ ಮಹಡಿಯ ಕಂಬಿಗಳ ಸಂದಿಯಲ್ಲಿ ಸಾಲಾಗಿ ಕಾಲುಗಳು. ಬಾಗಿಲ ಹತ್ತಿರ ಒಂಟೆ ಕುಣಿಯುವುದನ್ನು ನಿಲ್ಲಿಸಿತು. ಮೊದಲು ಒಂದು ಮೊಣಕಾಲು ಮಡಿಚಿತು, ಆಮೇಲೆ ಇನ್ನೊಂದು, ಬಾಲವನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಕೂತಿತು. ಮಕ್ಕಳು ಚಪ್ಪಾಳೆ ಹೊಡೆದರು.

"ಏನಿದು?" ಅಬೂ ರಾಕಾನ್ ಗುಂಡಿ ಒತ್ತಿ ಉಜ್ಜುವುದನ್ನು ನಿಲ್ಲಿಸಿದ. "ನಮಾಜಾ?"

"ನಮಾಜು ಆಯ್ತು," ಅಂದಳು ಮುಜ್ನಾ. "ಐದು ನಿಮಿಷ. ನೀವೇ ನೋಡಿದ್ರಲ್ಲ."

"ಮತ್ತಿದೇನು?"

"ಇದು ಕೂರೋದು."

"ಗಿರಾಕಿ ಬರ್ತಾರೆ!"

"ಬರ್ಲಿ."

ಬಂದಳು ಒಬ್ಬಳು. ಕೈಯಲ್ಲಿ ಆರು ಚೀಲ, ಮುಖದಲ್ಲಿ ಬೆವರು. ನೆಲದ ಮೇಲೆ ಕೂತವರನ್ನು ನೋಡಿ ಒಂದು ಕ್ಷಣ ನಿಂತಳು. ಆಮೇಲೆ ಚೀಲ ಇಳಿಸಿ, "ಸ್ವಲ್ಪ ಸರೀರಮ್ಮಾ," ಅಂತ ಅವರ ಪಕ್ಕದಲ್ಲೇ ಕೂತಳು.

"ಎದ್ದೇಳಿ!" ಅಬೂ ರಾಕಾನ್ ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, ಮತ್ತೆ ವಾಪಸು ತಿರುಗಿ ಕೂಗಿದ. "ನಾನು ಹೇಳ್ತಾ ಇದೀನಿ, ಎಲ್ಲರೂ ಎದ್ದೇಳಿ!"

ಮುಜ್ನಾ ಕುತ್ತಿಗೆ ಎತ್ತಿ ಅವನನ್ನು ನೋಡಿದಳು.

"ಮೊದಲು ನೀನು ಎದ್ದೇಳು, ಅಬೂ ರಾಕಾನ್."